ಇಲ್ಲದ ತಲೆನೋವು

‘ಹಣ್ಣಿನೊಳಗಿನದು ತಿರುಗಿ ಕುತ್ತಿಗೆಗೆ ಬಂತು. ಎರಡಕ್ಷರ’ ಎಂದು ನನ್ನ ಗಂಡ ಕತಾರಿನಿಂದ ಫೋನಿನಲ್ಲಿ ಓದಿದಾಗ ನಾನು ವೇಣೂರಿನ ಮನೆಯ ಹಿಂಬದಿಯಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದೆ. ಮದುವೆಯ ರಜೆ ಮುಗಿಸಿ ಅವರು ವಾಪಸು ಹೋಗಿ ಹೆಚ್ಚು ದಿನವಾಗಿರಲಿಲ್ಲ. ದಿನಾ ಸಂಜೆ ಫೋನು ಬರುತ್ತಿತ್ತು. ಊಟ, ಸೆಕೆ, ಅತ್ತೆಯ ಮಂಡಿನೋವು, ಇಷ್ಟಾದ ಮೇಲೆ ಇಬ್ಬರಿಗೂ ಮಾತಿಲ್ಲ. ಸರಿಯಾಗಿ ಪರಿಚಯ ಆಗುವ ಮೊದಲೇ ವಿಮಾನ ಹತ್ತಿದವರೊಡನೆ ಏನೆಂದು ಮಾತಾಡುವುದು? ಹಾಗಾಗಿ ಅವರು ಪದಬಂಧ ಹಿಡಿದುಕೊಂಡರು. ಫೋನಿನಲ್ಲೇ ಕನ್ನಡ ಪೇಪರ್ ಓದುವ ಅಭ್ಯಾಸ ಅವರಿಗಿತ್ತು. ನಾನು ಕನ್ನಡ ಎಂ.ಎ., ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ಇವಳಿಗೆ ಇದು ಖುಷಿಯಾದೀತು ಎಂದುಕೊಂಡಿರಬೇಕು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಹಣ್ಣಿನೊಳಗೆ ಬೀಜ ಇರುತ್ತದೆ, ಕೆಲವೊಮ್ಮೆ ಹುಳ ಇರುತ್ತದೆ. ಅದು ಕುತ್ತಿಗೆಗೆ ಯಾಕೆ ಬರಬೇಕು? ಗೊತ್ತಾಗಲಿಲ್ಲ ಎಂದು ಹೇಳೋಣವೆಂದರೆ ನನ್ನ ಎಂ.ಎ. ಅಡ್ಡ ಬಂತು. ‘ತಾಳಿ, ಬಾಯಿಗೆ ಬರ್ತಾ ಉಂಟು’ ಎಂದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವರು ಸ್ವಲ್ಪ ಕಾದು ‘ಮೊದಲಿನದ್ದು ಸ’ ಎಂದರು. ‘ಸರ’ ಎಂದುಬಿಟ್ಟೆ.

‘ಎಷ್ಟು ಬೇಗ ಹೇಳಿದೆ ಮಾರಾಯ್ತಿ’ ಎಂದು ಅವರು ಸಂತೋಷಪಟ್ಟರು. ಆಮೇಲೆ ವಿವರಿಸಿದರು. ಹಣ್ಣಿನೊಳಗಿನದು ರಸ. ತಿರುಗಿ ಎಂದರೆ ಅಕ್ಷರಗಳನ್ನು ಹಿಂದುಮುಂದಾಗಿ ಓದಬೇಕು. ರಸ ತಿರುಗಿದರೆ ಸರ, ಅದು ಕುತ್ತಿಗೆಗೆ ಬರುವಂಥದ್ದು. ‘ಅದೇ ಅಂದುಕೊಂಡೆ’ ಎಂದೆ ನಾನು, ಮೀನಿನ ಕಿವಿರು ತೆಗೆಯುತ್ತ.

ಈಗ ಇದರ ಗುಟ್ಟು ನನಗೂ ಸ್ವಲ್ಪ ತಿಳಿದಿದೆ, ಹಾಗಾಗಿ ಹೇಳಬಲ್ಲೆ. ಇಂಥ ಸುಳಿವು ಹೇಳುವ ಕಥೆಯನ್ನು ನಂಬಬಾರದು. ಅದರ ಒಂದು ತುದಿಯಲ್ಲಿ, ಮೊದಲಲ್ಲೋ ಕೊನೆಯಲ್ಲೋ, ಉತ್ತರದ ನೇರ ಅರ್ಥ ಕೂತಿರುತ್ತದೆ. ಉಳಿದದ್ದೆಲ್ಲ ಆ ಪದವನ್ನು ಕಟ್ಟುವ ಕ್ರಮ. ಒಮ್ಮೆ ‘ಲೋಕ ಮಲಗಿದಾಗ ಒಳಗೆ ಅರಳಿದ ಹೂ’ ಎಂದು ಬಂದಿತ್ತು. ನಾನು ರಾತ್ರಿರಾಣಿ, ಬ್ರಹ್ಮಕಮಲ ಎಂದು ಹೂತೋಟವೆಲ್ಲ ಸುತ್ತಿದೆ. ಅಲ್ಲಿ ರಾತ್ರಿಯೂ ಇಲ್ಲ, ನಿದ್ದೆಯೂ ಇಲ್ಲ. ಬೇಕಾದದ್ದು ಒಂದು ಹೂವಿನ ಹೆಸರು, ಕೊನೆಯಲ್ಲೇ ಹೇಳಿದ್ದಾರೆ. ‘ಒಳಗೆ’ ಎಂದರೆ ಹಿಂದಿನ ಮಾತುಗಳ ಒಳಗೇ ಹುಡುಕು ಎಂದು. ‘ಲೋಕ ಮಲಗಿದಾಗ’ ಎಂಬುದರ ನಡುವೆ ಮೂರಕ್ಷರ ಸಾಲಾಗಿ ನಿಂತಿವೆ, ಕಮಲ. ಗಂಡ ಹೇಳಿಕೊಟ್ಟಾಗ ಇದೊಂದೂ ನನ್ನ ತಲೆಗೆ ಹೋಗಿರಲಿಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಕಲಿತ ಹಾಗೆ ಹೂಂಗುಟ್ಟುತ್ತಿದ್ದೆ. ಅವರು ಒಂದೊಂದೇ ಅಕ್ಷರ ಬಿಟ್ಟುಕೊಡುತ್ತಿದ್ದರು, ಕೊನೆಯದಕ್ಕೆ ಬರುವಾಗ ನಾನು ಉತ್ತರ ಕೂಗುತ್ತಿದ್ದೆ. ಅವರಿಗೆ ನಾನು ಬುದ್ಧಿವಂತೆಯಾಗಿ ಕಾಣುತ್ತಿದ್ದೆ, ಮಾತೂ ಅರ್ಧ ಗಂಟೆ ನಡೆಯುತ್ತಿತ್ತು. ಅದು ನನಗೆ ಬೇಕಾಗಿತ್ತು. ಶಾಲೆಗೆ ಬರುವ ಪೇಪರಿನಲ್ಲಿ ಆ ಮೂಲೆಯನ್ನು ಒಮ್ಮೆ ತೆರೆದು ನೋಡುವ ಮನಸ್ಸು ಮಾತ್ರ ಆಗಲಿಲ್ಲ.

ಮುಂದಿನ ರಜೆಗೆ ಅವರು ಊರಿಗೆ ಬಂದಾಗ, ಮಡಂತ್ಯಾರಿನ ನನ್ನ ತವರಿನಿಂದ ಊಟಕ್ಕೆ ಕರೆ ಬಂತು. ಗಲ್ಫಿನಿಂದ ಬಂದ ಅಳಿಯನನ್ನು ಕರೆದು ಕೋರಿರೊಟ್ಟಿ ಬಡಿಸದಿದ್ದರೆ ಆಗುವುದುಂಟೇ. ಅಮ್ಮ, ಅಣ್ಣ, ಅತ್ತಿಗೆ, ಚಿಕ್ಕಮ್ಮ, ಎಲ್ಲರಿಗೂ ಮೇಲೆ ನನ್ನ ಸೋದರಮಾವ ಇದ್ದರು. ಮಾವ ನಿವೃತ್ತ ಹೆಡ್‌ಮಾಸ್ಟರು. ಮೂಡುಬಿದಿರೆಯ ಶಾಲೆಯಲ್ಲಿ ಮಾತಾಡಿ ನನ್ನನ್ನು ಸೇರಿಸಿದವರೂ ಅವರೇ. ನನ್ನ ಗಂಡ ಬರೇ ಡಿಪ್ಲೊಮಾ ಎಂಬ ಸಣ್ಣ ಬೇಸರ ಅವರಿಗೆ ಮದುವೆಯ ಸಮಯದಿಂದಲೂ ಇತ್ತು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ.

ಊಟವಾದ ಮೇಲೆ ಮಾವ ಕನ್ನಡಕ ಏರಿಸಿ ಪೇಪರಿನ ಪದಬಂಧ ಬಿಡಿಸತೊಡಗಿದರು. ನನ್ನ ಗಂಡನ ಮುಖ ಅರಳಿತು. ‘ಅದನ್ನು ಇವಳಿಗೆ ಕೊಡಿ ಮಾವ. ನಾವು ದಿನಾ ಫೋನಿನಲ್ಲಿ ಮಾಡ್ತೇವೆ. ನಾನು ಓದಿ ಮುಗಿಸುವುದರ ಒಳಗೆ ಹೇಳ್ತಾಳೆ’ ಎಂದರು. ನಾನು ಬೇಡ ಎನ್ನುವಷ್ಟರಲ್ಲಿ ಮಾವ ಓದಿಯಾಗಿತ್ತು.

‘ಹೊಸದು ಹಿಂದಕ್ಕೆ ತಿರುಗಿದರೆ ಕಾಡು. ಎರಡೇ ಅಕ್ಷರ.’

ಅತ್ತಿಗೆ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತರು. ಅಮ್ಮನ ಮುಖದಲ್ಲಿ ಆಗಲೇ ಹೆಮ್ಮೆ ಇತ್ತು. ನಾನು ಕಾಡನ್ನು ನೆನೆಸಿಕೊಂಡೆ. ಹೊಸ ರಸ್ತೆ, ಹೊಸ ಮನೆ, ಹಿಂದಕ್ಕೆ ಬರುವ ಬಸ್ಸು, ಏನೇನೋ ನೆನೆಸಿಕೊಂಡೆ. ಏನೂ ಹೊಳೆಯಲಿಲ್ಲ. ಮೊದಲ ಅಕ್ಷರ ಬಿಟ್ಟುಕೊಡುವವರು ಪಕ್ಕದಲ್ಲೇ ಕೂತಿದ್ದರು, ಆದರೆ ಅಷ್ಟು ಜನರ ಎದುರು ಹೇಗೆ ಕೇಳುವುದು? ಗಂಡ ನನ್ನ ಮುಖ ನೋಡಿದರು. ಮೊದಲು ನಗುತ್ತ ನೋಡಿದರು, ಆಮೇಲೆ ನಗು ನಿಂತಿತು.

‘ಎಂಥದು, ಕನ್ನಡ ಟೀಚರಿಗೆ ಬರುವುದಿಲ್ವಾ?’ ಎಂದರು ಮಾವ. ‘ಮತ್ತೆ ಫೋನಿನಲ್ಲಿ ಬಿಡಿಸುವುದು ಯಾರು?’

‘ಅವಳೇ ಮಾವ’ ಎಂದರು ಗಂಡ. ‘ಬಾರದ್ದು ನನಗೆ. ನಾನು ಹಿಂದಿನ ದಿನದ್ದು ಓದುವುದು. ಉತ್ತರ ಇವತ್ತಿನ ಪೇಪರಿನಲ್ಲಿ ಬಂದಿರ್ತದಲ್ವಾ, ಅದನ್ನು ನೋಡಿಕೊಂಡು ಇವಳ ಹತ್ತಿರ ಜೋರು ಮಾಡುವುದು. ಇವತ್ತು ಇವಳಿಗೆ ಬೆಳಗ್ಗಿನಿಂದ ತಲೆನೋವು, ಪಾಪ. ನನಗೆ ನೆನಪೇ ಇಲ್ಲ.’

ಮಾವ ದೊಡ್ಡದಾಗಿ ನಕ್ಕರು. ‘ಕಾಪಿ ಹೊಡೆದು ಹೆಂಡತಿಗೆ ಮಾಸ್ಟ್ರು ಆಗುವುದಾ? ಒಳ್ಳೆ ಅಳಿಯ ಮಾರಾಯ.’ ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಅವರ ಕಿವಿ ಕೆಂಪಾಗಿತ್ತು.

ನನಗೆ ತಲೆನೋವು ಇರಲಿಲ್ಲ. ಬೆಳಗ್ಗಿನಿಂದ ಗಟ್ಟಿಯಾಗಿಯೇ ಇದ್ದೆ, ರೊಟ್ಟಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡಿದ್ದೆ. ನಾನು ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳದಿದ್ದರೆ ಹೋಗಲಿ, ನನ್ನ ಕೈ ತಾನಾಗಿ ಮೇಲೆ ಹೋಗಿ ಹಣೆ ಒತ್ತಿಕೊಂಡಿತು. ಚಿಕ್ಕಮ್ಮ ಒಳಗಿನಿಂದ ಬಾಮ್ ತಂದು ಹಚ್ಚಿದರು. ‘ಮೊದಲೇ ಹೇಳಬಾರದಾ ಮಗಾ’ ಎಂದು ಹಣೆ ತಿಕ್ಕಿದರು. ಕಣ್ಣುಮುಚ್ಚಿ ಹಚ್ಚಿಸಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಸ್ಕೂಟರಿನಲ್ಲಿ ವಾಪಸು ಬರುವಾಗ ಕಣ್ಣು ಉರಿಯುತ್ತಿತ್ತು. ಗುರುವಾಯನಕೆರೆಯಲ್ಲಿ ವೇಣೂರಿನ ರಸ್ತೆಗೆ ತಿರುಗಿದ ಮೇಲೂ ಅವರು ಆ ವಿಷಯ ಎತ್ತಲಿಲ್ಲ. ಮೀನು ತೆಗೆದುಕೊಳ್ಳುವುದುಂಟಾ ಎಂದು ಕೇಳಿದರು. ನಾನು ಬೇಡ ಎಂದೆ.

ತವರಿನಲ್ಲಿ ಅವರಿಗೆ ‘ಕಾಪಿ ಅಳಿಯ’ ಎಂಬ ಹೆಸರು ನಿಂತಿತು. ಅವರು ಕತಾರಿಗೆ ಹೋದ ಮೇಲೆ ಫೋನು ಬರುತ್ತಿತ್ತು, ಪದಬಂಧ ಬರುತ್ತಿರಲಿಲ್ಲ. ಊಟ, ಸೆಕೆ, ಮಂಡಿನೋವು, ಮುಗಿಯಿತು. ನನಗೂ ಕೇಳುವ ಮುಖ ಇರಲಿಲ್ಲ. ಆಗ ನಾನು ಶಾಲೆಯ ಪೇಪರಿನಲ್ಲಿ ಆ ಮೂಲೆ ತೆರೆದು ಕೂತು ಕಲಿಯತೊಡಗಿದೆ. ಮಾವ ಕೇಳಿದ್ದರ ಉತ್ತರ ಒಂದು ದಿನ ಬಸ್ಸಿನಲ್ಲಿ ಹೊಳೆಯಿತು. ಹೊಸದು ಎಂದರೆ ನವ. ತಿರುಗಿದರೆ ವನ. ಗಂಡ ನನಗೆ ಮೊಟ್ಟಮೊದಲು ಹೇಳಿಕೊಟ್ಟ ಉಪಾಯವೇ ಅದು. ಹೇಳಿಕೊಟ್ಟವರಿಗೆ ಆ ದಿನ ಉತ್ತರ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಬಸ್ಸಿನಲ್ಲಿ ಪಕ್ಕದವಳು ನೋಡದಂತೆ ಮುಖವನ್ನು ಕಿಟಕಿಯ ಕಡೆ ಮಾಡಿಕೊಂಡೆ.

ಅಣ್ಣ ಬಂಟ್ವಾಳದಲ್ಲಿ ಹೊಸ ಮನೆ ಕಟ್ಟಿ ಒಕ್ಕಲಾದ ದಿನ ಎಲ್ಲರೂ ಮತ್ತೆ ಸೇರಿದರು. ‘ಕಾಪಿ ಅಳಿಯ ಫೋನು ಮಾಡಿದರಾ?’ ಎಂದು ಮಾವ ಪಂಕ್ತಿಯ ನಡುವೆಯೇ ಕೇಳಿದರು. ನಾನು ಸಾಂಬಾರಿನ ಬಕೆಟ್ ಕೆಳಗಿಟ್ಟೆ. ‘ಮಾವ, ಅವರಿಗೆ ಬರ್ತದೆ. ನನಗೇ ಬರುತ್ತಿರಲಿಲ್ಲ. ಅವತ್ತು ನನಗೆ ತಲೆನೋವೂ ಇರಲಿಲ್ಲ, ಅವರು ನನಗೋಸ್ಕರ ಹೇಳಿದ್ದು’ ಎಂದೆ.

ಮಾವ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ‘ನೋಡಿ, ಗಂಡನನ್ನು ಬಿಟ್ಟುಕೊಡ್ತಾಳಾ? ಹೀಗಿರಬೇಕು ಹೆಂಡತಿ ಅಂದರೆ’ ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. ಅಲ್ಲ, ನಿಜವಾಗಿಯೂ ಎಂದೆ. ಹೇಳಿದಷ್ಟೂ ಅವರು ತಲೆದೂಗಿದರು. ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಾಂಬಾರು ಕೇಳಿದವರಿಗೆ ಬಡಿಸಲು ನಾನು ಮುಂದೆ ಹೋಗಬೇಕಾಯಿತು.

ಆ ಸಂಜೆ ವೇಣೂರಿಗೆ ವಾಪಸಾದ ಮೇಲೆ ಫೋನು ಬಂದಾಗ ನಾನೇ ಮೊದಲು ಹೇಳಿದೆ. ‘ನನಗೆ ಒಂದು ದಿನವೂ ಬರುತ್ತಿರಲಿಲ್ಲ. ನಿಮಗೆ ಸುಳ್ಳು ಹೇಳಿದ್ದು.’

‘ಮಡಂತ್ಯಾರಿನಲ್ಲಿ ಗೊತ್ತಾಯ್ತು’ ಎಂದರು. ಬೇಸರ ಇರಲಿಲ್ಲ ದನಿಯಲ್ಲಿ. ‘ಸುರುವಿಗೆ ನಾನೂ ಉತ್ತರ ನೋಡಿಯೇ ಕೇಳುತ್ತಿದ್ದದ್ದು. ಆಮೇಲೆ ನೋಡದೆಯೂ ಬರ್ತಾ ಬಂತು.’

‘ಅವತ್ತಿನದ್ದು ನಿಮಗೆ ಗೊತ್ತಿತ್ತಲ್ವಾ?’

‘ವನ. ಗೊತ್ತಿತ್ತು.’

‘ಮತ್ತೆ ಹೇಳಿಬಿಡಬಹುದಿತ್ತಲ್ಲ. ಮಾವನ ಎದುರು ನಿಮಗೆ ಎಷ್ಟು ಮರ್ಯಾದೆ ಸಿಗುತ್ತಿತ್ತು.’

‘ನಾನು ಹೋಗುವವನು ಮಾರಾಯ್ತಿ’ ಎಂದರು. ‘ಊರಿನಲ್ಲಿ ಅವರ ನಡುವೆ ಇರುವವಳು ನೀನಲ್ವಾ.’

ನನಗೆ ನಾಚಿಕೆಯಾಯಿತು. ಆಮೇಲೆ ಅವರು, ಅಮ್ಮನಿಗೆ ಫೋನು ಕೊಡು ಎಂದರು. ಅತ್ತೆಯ ಕೈಗೆ ಕೊಟ್ಟೆ.