ಬಲಕ್ಕೆ ಸುತ್ತುವ ಎತ್ತು

ಎಪ್ಪತ್ತರ ದಶಕದ ನಡುವಿನ ಮಾತು. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮಗೆಲ್ಲ ಯಂತ್ರವಿನ್ಯಾಸದ ಒಂದು ಸ್ಪರ್ಧೆ ಇಟ್ಟರು. ನಾಲ್ವರ ತಂಡ, ಕರೆಂಟಿಲ್ಲದ ಹಳ್ಳಿಗಳಿಗಾಗಿ, ಎತ್ತು ತಿರುಗಿಸುವ ಹೊಸ ಬಗೆಯ ಕಬ್ಬಿನ ಗಾಣ ಮಾಡಬೇಕು. ಗೆದ್ದ ತಂಡಕ್ಕೆ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ತರಬೇತಿ, ಆಮೇಲೆ ಅಲ್ಲೇ ಕೆಲಸ. ನನ್ನ ಜೊತೆಯ ಮೂವರ ಮನೆಯಲ್ಲೂ ಶಿಫಾರಸು ಮಾಡಲು ಒಬ್ಬೊಬ್ಬ ಅಧಿಕಾರಿ ಇದ್ದ. ನನಗೆ ಇದ್ದ ಬಾಗಿಲು ಅದೊಂದೇ.

ಅವರು ನಕ್ಷೆ ಬರೆದರು. ಬರೆದರು ಅನ್ನುವುದಕ್ಕಿಂತ ಮದುಮಗಳಂತೆ ಸಿಂಗರಿಸಿದರು ಅನ್ನಬೇಕು. ಪೆನ್ಸಿಲ್ ಮೊನೆ ಚೂಪು ಮಾಡುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ನನಗೆ ವಹಿಸಿದ್ದು ಹೊರಗಿನ ಕೆಲಸ. ಮದ್ದೂರಿನ ಗುಜರಿಯಲ್ಲಿ ಚೌಕಾಸಿ ಮಾಡಿ ಕಬ್ಬು ಅರೆಯುವ ಹಳೆಯ ಉರುಳೆಗಳನ್ನು ತಂದೆ. ಈಗಿನವರಿಗೂ ಹೇಳುತ್ತೇನೆ, ಗುಜರಿಯಲ್ಲಿ ಬೇಕಾದ ಮಾಲನ್ನು ಮೊದಲು ಮುಟ್ಟಬೇಡಿ. ಬೇಡದ್ದನ್ನೆಲ್ಲ ಮುಟ್ಟಿ, ಹಳಿದು, ಹೊರಡುವಾಗ ಬೇಕಾದ್ದನ್ನು ಕಾಲಲ್ಲಿ ಒದ್ದು ಕೇಳಿ.

ಎತ್ತು ಕೊಡಲು ಒಪ್ಪಿದವನು ಕಿರುಗಾವಲಿನ ಒಬ್ಬ ರೈತ, ಆಲೆಮನೆ ನಡೆಸುವವನು. ನಕ್ಷೆ ತೋರಿಸಿದೆ. ಎತ್ತು ನಡೆಯುವ ದಿಕ್ಕಿನ ಬಾಣದ ಮೇಲೆ ಬೆರಳಿಟ್ಟ.

"ಇದೇನ್ಲಾ, ಎಡಕ್ಕೆ ಸುತ್ತುಸ್ತೀರಾ? ನನ್ನೆತ್ತು ಗಾಣುಕ್ಕೆ ಕಟ್ದಾಗಿಂದ ಬಲಕ್ಕೇ ಸುತ್ತಿರೋವು ಕಣ್ಲಾ. ಎಡಕ್ಕೆ ಒಂದೆಜ್ಜೆ ಇಡಾಕಿಲ್ಲ."

ಬಂದು ತಂಡದ ನಾಯಕನಿಗೆ ಹೇಳಿದೆ. ಅವನು ಕನ್ನಡಕ ಒರೆಸಿಕೊಳ್ಳುತ್ತ, "ಎತ್ತಿಗೆ ಎಡ ಬಲ ಗೊತ್ತಿರತ್ತೇನಯ್ಯ? ಆಗಲೇ ಇಂಕ್ ಹಾಕಿಬಿಟ್ಟಿದೀನಿ" ಅಂದ.

ಇಂಕು ಹಾಕಿದ್ದನಂತೆ. ಎತ್ತು ಅದನ್ನು ಓದಿಕೊಂಡು ಬರಬೇಕಿತ್ತು.

ಸ್ಪರ್ಧೆಯ ದಿನ ಮೈದಾನದಲ್ಲಿ, ನಕ್ಷೆಯಂತೆ ಜೋಡಿಸಿದ ಗಾಣಕ್ಕೆ ಎತ್ತು ಕಟ್ಟಿದೆವು. ಕಟ್ಟಿದ್ದೇ ತಡ, ಅವು ಬಲಕ್ಕೆ ಮುಖ ಮಾಡಿದವು. ನಾಯಕ ಮೂಗುದಾರ ಹಿಡಿದು ಎಡಕ್ಕೆ ಜಗ್ಗಿದ. ಒಂದು ಎತ್ತು ಮಲಗಿಯೇಬಿಟ್ಟಿತು.

"ಬುಡಿ ಸೋಮಿ," ಅಂದ ರೈತ, "ಅದುಕ್ಕೆ ನಿಮ್ಮಷ್ಟು ಓದು ಬರಾಕಿಲ್ಲ."

ನಾನು ಸ್ಪ್ಯಾನರ್ ತೆಗೆದು ಗಾಣದ ಹಿಂಬದಿಯ ತಗಡು ಬಿಚ್ಚಿದೆ. ಎತ್ತು ಬಲಕ್ಕೆ ಸುತ್ತಿದರೆ ಉರುಳೆಗಳೂ ತಿರುಗುಮುರುಗಾಗಿ ಸುತ್ತುತ್ತವೆ. ಕಬ್ಬನ್ನು ಹಿಂದಿನಿಂದ ಕೊಟ್ಟರೆ ಮುಗಿಯಿತು. ರೈತ ಎತ್ತನ್ನು ಎಬ್ಬಿಸಿ ಬಲಕ್ಕೆ ಹೊಡೆದ, ನಾನು ಕಬ್ಬು ಕೊಟ್ಟೆ. ಕಬ್ಬಿನ ಹಾಲು ಧಾರೆಯಾಗಿ ಬಿಂದಿಗೆಗೆ ಇಳಿಯಿತು.

ತೀರ್ಪುಗಾರರು ಬಂದರು. ಹಾಲಿನ ಕಡೆ ಕಣ್ಣು ಹಾಯಿಸದೆ ನಕ್ಷೆ ಬಿಚ್ಚಿದರು.

"ಬಾಣ ಎಡಕ್ಕಿದೆ, ಯಂತ್ರ ಬಲಕ್ಕೆ ಸುತ್ತುತಾ ಇದೆ. ಯಾರು ಮಾಡಿದ್ದು?"

ನಾಯಕ ನನ್ನತ್ತ ಕೈ ತೋರಿಸಿದ. "ಇವನು ಸಾರ್. ಸಾಮಾನು ತರೋನು."

ನಕ್ಷೆಯಂತೆ ಇಲ್ಲವೆಂದು ನಮ್ಮನ್ನು ಕೈಬಿಟ್ಟರು. ಬಹುಮಾನ ಹೋದದ್ದು ಬಣ್ಣ ಬಳಿದ ಒಂದು ರಟ್ಟಿನ ಗಾಣಕ್ಕೆ. ಅದರ ಎತ್ತುಗಳೂ ರಟ್ಟಿನವೇ. ಯಾವ ಕಡೆಗೆ ಬೇಕಾದರೂ ತಿರುಗುತ್ತಿದ್ದವು.

ಉಳಿದ ಮೂವರು ನಕ್ಷೆಯನ್ನು ಜೋಪಾನವಾಗಿ ಸುತ್ತಿಕೊಂಡು ಹೋದರು. ಗಾಣ ಅವರಿಗೆ ಬೇಕಿರಲಿಲ್ಲ, ನನ್ನ ಪಾಲಿಗೆ ಬಿಟ್ಟರು. ಕಾರ್ಖಾನೆಯಂತೂ ಕೈತಪ್ಪಿತ್ತು; ಇನ್ನು ಮುಂದೇನೆಂದು ತೋಚದೆ ನಿಂತಿದ್ದೆ. ರೈತ ಎತ್ತು ಬಿಚ್ಚಿದ. ನೊಗ ಸರಿಯಿಲ್ಲ ಅಂದ, ತಗಡು ತೆಳು ಅಂದ. ಹೊರಟವನು ತಿರುಗಿ ಬಂದು ಉರುಳೆಯನ್ನು ಕಾಲಲ್ಲಿ ಒದ್ದ.

"ಈ ತುಕ್ಕು ಕಬ್ಬುಣ ಇಟ್ಕಂಡು ಏನ್ಲಾ ಮಾಡೀಯೆ?"

"ಮಾರಾಕಲ್ಲ ಬುಡಣ್ಣ, ಬೇಕಂದ್ರೆ ಇಂತದೇ ಇನ್ನೊಂದು ಮಾಡ್ಕೊಡ್ತೀನಿ," ಎಂದು ಸ್ಪ್ಯಾನರನ್ನು ಜೇಬಿಗಿಳಿಸಿ, ಗಾಣಕ್ಕೊರಗಿ ಕೂತೆ.