ನಾಳೆ ಹಾಲು ತರಬೇಡಿ

ಬಗ್ಗಿದ್ದು ಹಾಲಿನ ಬಣ್ಣ ನೋಡಲು, ಜಾರಿದ್ದು ಕನ್ನಡಕ. ಡೈರಿಯ ಅಂಗಳದಲ್ಲಿ ಲಾರಿಯಿಂದ ಆಗಷ್ಟೇ ಇಳಿದ ಕ್ಯಾನಿನ ಅಂಚಿಗೆ ಅದು ಟಣ್ ಎಂದು ಬಡಿದು, ಗುಳುಂ ಎಂದು ಮುಳುಗಿತು. ಎದುರಿಗೇ ಸಹಕಾರ ಒಕ್ಕೂಟದ ಅಧ್ಯಕ್ಷರು.

"ಅಲ್ರೀ, ಹಾಲು ನೋಡೋಕೆ ಕನ್ನಡಕ ನೀವು ಹಾಕ್ಕೋಬೇಕು. ಹಾಲಿಗೇ ಹಾಕಿದ್ರೆ ಹೆಂಗೆ?"

ಸೌಟು ಹಾಕಿ ಎತ್ತಿದಾಗ ಬರಿಯ ಚೌಕಟ್ಟು ಬಂತು. ಗಾಜು ಚೂರಾಗಿ ತಳ ಸೇರಿತ್ತು. ಅಂಥ ಹಾಲು ಯಾರಿಗೂ ಆಗದು. ಕ್ಯಾನು ಮೋರಿಗೆ ಮಗುಚಿತು. ಹಾಲು ಹಾಳಾಗುವುದನ್ನು ಅವನು ನೋಡಲಿಲ್ಲ. ನೋಡಿದರೂ ಕಾಣುತ್ತಿರಲಿಲ್ಲ.

ಡೈರಿಯಲ್ಲಿ ಅವನನ್ನು ಎಲ್ಲರೂ 'ಹಂಚಿಕೆ ಸಾರ್' ಎನ್ನುತ್ತಾರೆ. ಹಳ್ಳಿಯ ಸಂಘಗಳಿಂದ ಬಂದ ಹಾಲಿನಲ್ಲಿ ಪೊಟ್ಟಣಕ್ಕೆಷ್ಟು, ಮೊಸರಿಗೆಷ್ಟು, ಪುಡಿಗೆಷ್ಟು ಎಂದು ದಿನವೂ ಹಂಚಿಕೆ ಮಾಡುವುದು ಅವನ ಕೆಲಸ. ಹಂಚಿಕೆ ಹೂಡುವುದು ಮಾತ್ರ ಅವನಿಂದ ಆಗದು. ಹೋಟೆಲಿನಲ್ಲಿ ಕಾಫಿಯೋ ಟೀಯೋ ಎಂದು ಕೇಳಿದರೆ ಪಕ್ಕದ ಮೇಜಿನವರ ಲೋಟದತ್ತ ನೋಡುವ ಜಾತಿ. ಇಂಥವನ ಕೈಗೇ ಇಡೀ ಸೀಮೆಯ ಹಾಲು ಸಿಕ್ಕಿತ್ತು. ಮೇವು ಹಸಿರಾಗಿ ಹಾಲು ಉಕ್ಕುವ ಕಾಲದಲ್ಲಿ ಹಾಲನ್ನು ಪುಡಿ ಮಾಡಿಸುವುದು, ಬೇಸಿಗೆಯಲ್ಲಿ ಹಾಲು ಸಾಲದಾದಾಗ ಅದೇ ಪುಡಿಯನ್ನು ಕದಡಿ ಹಾಲು ಮಾಡಿಸುವುದು. ನಡುವೆ ನಿಜವಾಗಿ ಪುಡಿಪುಡಿಯಾಗುವುದು ತಾನೊಬ್ಬನೇ ಎಂದು ಅವನಿಗೆ ಅನಿಸುತ್ತಿತ್ತು.

ಕನ್ನಡಕ ಹೋದ ದಿನವೇ ಪುಡಿ ಯಂತ್ರಕ್ಕೆ ಬಿಸಿಗಾಳಿ ಊದುವ ಫ್ಯಾನೂ ನಿಂತಿತು. ಹಾಲಿನ ಟ್ಯಾಂಕುಗಳು ಕಂಠಮಟ್ಟ ತುಂಬಿದ್ದವು. ಯಂತ್ರದ ಅಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದ ಫಿಟ್ಟರನ್ನು ಕೇಳಿದ: "ನಾಳೆ ಬೆಳಿಗ್ಗೆಗೆ ಆಗುತ್ತೇನಪ್ಪ?"

"ಆದ್ರೆ ಆಗುತ್ತೆ ಸಾರ್. ಆಗದಿದ್ರೆ ಆಗಲ್ಲ."

ಯಂತ್ರ ನಡೆಯದಿದ್ದರೆ ನಾಳೆ ಬರುವ ಹಾಲಿಗೆ ಜಾಗವೇ ಇಲ್ಲ. ತರಬೇಡಿ ಎಂದು ಸಂಘಗಳಿಗೆಲ್ಲ ಸಂಜೆಯೊಳಗೆ ತಿಳಿಸಬೇಕು. ತಿಳಿಸಿದ ಮೇಲೆ ಯಂತ್ರ ನಡೆದುಬಿಟ್ಟರೆ? ಕಾದ ಯಂತ್ರಕ್ಕೆ ಹಾಲೇ ಇರದು. ಅವನು ಬೇಡ ಎಂದು ನಿರ್ಧರಿಸಿ ಎದ್ದ. ಬೇಕು ಎಂದುಕೊಂಡು ಕೂತ. ಅಷ್ಟರಲ್ಲಿ ಅಕ್ಕನ ಫೋನು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಅಕ್ಕನನ್ನು ಈಗ ಸಾಕುತ್ತಿರುವುದು ಅವಳ ಹಸುಗಳು. ಅವಳ ಹಾಲೂ ಇದೇ ಡೈರಿಗೆ ಬರುತ್ತದೆ.

"ಲೋ, ನಾಳೆ ಹಾಲು ಬೇಡ ಅಂತೀರಂತೆ, ಹೌದೇನೋ?"

"ಇನ್ನೂ ತೀರ್ಮಾನ ಆಗಿಲ್ಲಕ್ಕ."

"ತೀರ್ಮಾನ ಮಾಡೋನು ನೀನೇ ಅಲ್ವೇನೋ?"

"ಹೌದಕ್ಕ. ಅದಕ್ಕೇ ಆಗಿಲ್ಲ."

"ಬೇಸಿಗೇಲಿ 'ಇನ್ನೊಂದು ಲೀಟರ್ ಹಾಕಕ್ಕ' ಅಂತ ಗೋಗರೀತೀರ. ಈಗ ಹಾಕೋಕೆ ಬಂದ್ರೆ 'ಯಾರಕ್ಕ ನೀನು' ಅಂತೀರ. ನಾನೇನೋ ರಜಾ ತಗೊಂಡೇನು, ಹಸುವಿಗೆ ಹೇಳೋರ್ಯಾರು? ನಾಳೆ ನನ್ನ ಹಾಲು ವಾಪಸ್ ಬಂತೋ, ನಿನ್ನ ಮನೆ ಹೊಸಿಲು ತುಳಿಯಲ್ಲ, ನೋಡ್ಕೋ!"

ಫೋನು ಇಟ್ಟ ಮೇಲೆ ಅವನು ಅಂಗಳದಲ್ಲಿ ಮೂರು ಸುತ್ತು ಹಾಕಿದ. ಅಕ್ಕನ ಕಡೆ ನೋಡಿದರೆ ಎಲ್ಲರ ಹಾಲೂ ಒಡೆಯುತ್ತದೆ. ಡೈರಿಯ ಕಡೆ ನೋಡಿದರೆ ಮನೆ ಒಡೆಯುತ್ತದೆ. ಕೊನೆಗೆ ಕಣ್ಣು ಮುಚ್ಚಿಕೊಂಡು ತೀರ್ಮಾನಿಸಿದ. ಕಣ್ಣು ತೆರೆದು ಫೋನು ಹಿಡಿದಾಗಲೂ ದೊಡ್ಡ ವ್ಯತ್ಯಾಸವಾಗಲಿಲ್ಲ, ಅಕ್ಷರಗಳೆಲ್ಲ ಕೆನೆಗಟ್ಟಿದ್ದವು. ಮೂಗಿಗೆ ತಾಗಿಸಿಕೊಂಡು, 'ನಾಳೆ ಹಾಲು ತರಬೇಡಿ. ದಯವಿಟ್ಟು ಸಹಕರಿಸಿ' ಎಂದು ಒತ್ತಿ, ಕಳಿಸಿ, ಅಕ್ಕನ ಫೋನು ಮತ್ತೆ ಬಂದೀತೆಂದು ಹೆದರಿ ಫೋನನ್ನೇ ಆಫ್ ಮಾಡಿಬಿಟ್ಟ.

ಬೆಳಿಗ್ಗೆ ಹೆಂಡತಿ ಕಪ್ಪು ಟೀ ತಂದು ಕುಕ್ಕಿದಳು.

"ಇದೇನೇ, ಹಾಲು?"

"ಬೇಡ ಅಂದೋರು ನೀವೇ. ಸುಮ್ನೆ ಕುಡೀರಿ."

ಅಕ್ಕನ ಪರ ವಹಿಸಿ ಚುಚ್ಚುತ್ತಿದ್ದಾಳೆ ಎಂದುಕೊಂಡು ಅವನು ತೆಪ್ಪಗೆ ಕುಡಿದ.

ಡೈರಿಗೆ ಬಂದರೆ ಅಂಗಳದ ತುಂಬ ಲಾರಿಗಳು, ಲಾರಿಗಳ ತುಂಬ ಕ್ಯಾನು. ಬೇಡವೆಂದರೂ ಇವರೇಕೆ ತಂದರು? ಆದರೆ ಯಾರೂ ಜಗಳವಾಡುತ್ತಿಲ್ಲ. ಒಳಗಿನಿಂದ ಪುಡಿ ಯಂತ್ರದ ಸದ್ದು ಕೇಳುತ್ತಿತ್ತು.

"ಆಯ್ತು ಸಾರ್!" ಫಿಟ್ಟರು ಈ ಸಲ ಮುಖಸಮೇತ ಬಂದ. "ಬೆಳಗಿನ ಜಾವಕ್ಕೇ ಆಯ್ತು. ಟ್ಯಾಂಕೆಲ್ಲ ಖಾಲಿಯಾಗ್ತಿದೆ. ಇನ್ನಷ್ಟು ಹಾಲು ಬರಲಿ!"

ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ಭೇಷ್ ಕಣ್ರೀ! ಬೇರೆ ಯಾರಾದ್ರೂ ಹೆದರಿ ಹಾಲು ನಿಲ್ಲಿಸಿಬಿಡ್ತಿದ್ರು. ಅನುಭವ ಅಂದ್ರೆ ಇದು."

ಹೊಗಳಿಕೆ ತನಗೇ ಹೌದೋ ಎಂದು ಅವನು ಹಿಂದೆ ತಿರುಗಿ ನೋಡಿದ. ಹಾಲು ಪರೀಕ್ಷಿಸುವ ಹೆಂಗಸಿನ ಕನ್ನಡಕವನ್ನು ಎರವಲು ಪಡೆದು, ಮೂಲೆಗೆ ಹೋಗಿ ಫೋನು ಆನ್ ಮಾಡಿದ. ನಿನ್ನೆ ಕಳಿಸಿದ್ದನ್ನು ಓದಿದ. ಅದರ ಮೇಲಿದ್ದ ಹೆಸರನ್ನು ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ.

ಅಷ್ಟರಲ್ಲಿ ಮತ್ತೆ ಅಕ್ಕನ ಫೋನು.

"ನನ್ನ ಹಾಲು ತಗೊಂಡ್ರಂತೆ ಕಣೋ. ಎಷ್ಟಾದ್ರೂ ಒಡಹುಟ್ಟಿದೋನು. ಈ ಅಕ್ಕನ ಮುಖ ನೋಡಿ ತಾನೇ ನೀನು ಬೇಡ ಅನ್ನದೇ ಇದ್ದಿದ್ದು?"

ಹೌದು ಎಂದುಬಿಟ್ಟರೆ ಎಲ್ಲ ಸುಗಮ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇಲ್ಲಕ್ಕ. ಬೇಡ ಅಂತಲೇ ಕಳಿಸಿದ್ದೆ. ನಮ್ಮನೆಯವಳಿಗೆ ಹೋಗಿಬಿಟ್ಟಿದೆ. ಒಂದು ಲೀಟರ್ ಇದ್ರೆ ಕಳಿಸ್ತೀಯಾ?"