ಎಡಕ್ಕೆ ಸುತ್ತಿದ ಬುಟ್ಟಿ

ಹಸಿ ಬಿದಿರಿನ ವಾಸನೆ ನನ್ನನ್ನು ಇಷ್ಟು ಸುಲಭವಾಗಿ ಎಳೆದುಕೊಂಡು ಹೋಗಬಹುದೆಂದು ಗೊತ್ತಿರಲಿಲ್ಲ. ಕಳೆದ ತಿಂಗಳು ಬಾಂದ್ರಾದಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಸ್ಟೇಷನ್ನಿನ ಕಡೆ ನಡೆಯುತ್ತಿದ್ದಾಗ, ಹಳೇ ಬಿಲ್ಡಿಂಗೊಂದರ ಮೆಟ್ಟಿಲ ಬಳಿ ಆ ವಾಸನೆ ಬಂತು. ಹತ್ತಿ ನೋಡಿದರೆ ಎರಡು ಕೋಣೆಗಳ ಪುಟ್ಟ ಮ್ಯೂಸಿಯಂ. ಮುಂಬೈ ಎಂಬ ಈ ದ್ವೀಪದಲ್ಲಿ ಒಂದು ಕಾಲಕ್ಕೆ ಹೆಣೆದ, ಹೊತ್ತ ಬುಟ್ಟಿಗಳನ್ನೆಲ್ಲ ಯಾರೋ ಪುಣ್ಯಾತ್ಮರು ಮನೆಮನೆಯಿಂದ ಕೂಡಿಹಾಕಿದ್ದರು. ಉದ್ಘಾಟನೆಗೆ ಇನ್ನೂ ಒಂದು ವಾರವಿತ್ತು. ಮೂಲೆಯಲ್ಲಿ ಒಬ್ಬರು ಕೂತು ಬಿದಿರು ಸೀಳುತ್ತಿದ್ದರು.

ಗೋಡೆ ಪಕ್ಕದ ಮೀನಿನ ಬುಟ್ಟಿಯೊಂದರ ಮುಂದೆ ನನ್ನ ಕಾಲು ನಿಂತಿತು. ಬೇರೆಲ್ಲ ಬುಟ್ಟಿಗಳ ಅಂಚಿನ ಹೆಣಿಗೆ ಬಲಕ್ಕೆ ಸುತ್ತಿದ್ದರೆ ಇದರದು ಎಡಕ್ಕೆ. ಕೆಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ‘ಮೀನುಗಾರರ ಮನೆಯಿಂದ ಬಂದದ್ದು. ಹೆಣೆದವರು ಗೊತ್ತಿಲ್ಲ. ಹೆಣಿಗೆ ಉಲ್ಟಾ ಇದೆ, ಕಲಿಯುವವರ ಕೆಲಸವಿರಬಹುದು.’ ಕಲಿಯುವವರಂತೆ... ನನಗೆ ಸಿಟ್ಟು ನೆತ್ತಿಗೇರಿತು.

ಅಲ್ಲೇ ಒಬ್ಬ ಹುಡುಗಿ ಫೋನಿನಲ್ಲಿ ತಾಯಿಯೊಡನೆ ಅರೆಬರೆ ಕನ್ನಡ ಮಾತಾಡುತ್ತ ಚೀಟಿಗಳನ್ನು ಅಂಟಿಸುತ್ತಿದ್ದಳು. ಅವಳನ್ನು ಕರೆದು, “ಇದು ಕಲಿಯುವವರದ್ದಲ್ಲ. ನಮ್ಮ ಚಾಳಿನ ಆಯಿ ಹೆಣೆದದ್ದು,” ಎಂದೆ.

ಅವಳ ಮುಖ ಅರಳಿತು. “ಪಕ್ಕಾ, ಆಂಟಿ? ಲೇಬಲ್ ಸೋಮವಾರ ಪ್ರಿಂಟಿಗೆ ಹೋಗ್ತದೆ. ಅವರ ಪೂರಾ ಹೆಸರು ಹೇಳಿ, ಹಾಕುವ.”

ಬಾಯಿ ತೆರೆದೆ. ಹೆಸರು ಬರಲಿಲ್ಲ.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ಬೈಕುಲ್ಲಾದ ಮಾರ್ಕೆಟ್ಟಿನ ಹಿಂದಿನ ಚಾಳಿನಲ್ಲಿ, ಕೋಣೆಗೊಂದು ಸಂಸಾರ. ಅಪ್ಪ ಉಡುಪಿ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಆಯಿ ವಿಜಾಪುರದ ಕಡೆಯ ಮೇದಾರರವಳು. ಚಾಳಿನ ಮೆಟ್ಟಿಲ ಕೆಳಗೇ ಅವಳ ಸಂಸಾರ, ಅಲ್ಲೇ ಕಸುಬು. ಎಲ್ಲರ ಬಾಯಲ್ಲೂ ಬುಟ್ಟಿ ಆಯಿ. ಮರಾಠಿಯವರಿಗೆ ಆಯಿ ಎಂದರೆ ತಾಯಿ, ಅವಳ ಸೀಮೆಯವರಿಗೆ ಅಜ್ಜಿ. ಎಲ್ಲರಿಗೂ ಒಗ್ಗಿಹೋಗಿತ್ತು, ಹಾಗಾಗಿ ಯಾರೂ ಅದರಾಚೆ ಕೇಳಲಿಲ್ಲ.

ಮೀನು ಮಾರುವ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದವಳನ್ನು ಆಯಿ ಮೊದಲು ಕೂರಿಸಿ, ತಲೆಯ ಮೇಲೆ ಬಟ್ಟೆಯ ಸಿಂಬೆ ಇಡಿಸಿ, ಸುತ್ತ ಬಿದಿರಿನ ಸೀಳು ಹಿಡಿದು ಅಳತೆ ತೆಗೆಯುವಳು, ದರ್ಜಿ ರವಿಕೆಗೆ ತೆಗೆದ ಹಾಗೆ. ಬುಟ್ಟಿಯ ತಳ ಆ ತಲೆಗೆಂದೇ ತುಸು ಒಳಸರಿದಿರಬೇಕು. ಅಳತೆ ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಬುಟ್ಟಿ ತಲಿ ಮ್ಯಾಲ ಕುಂದರಬೇಕವ್ವಾ, ತಲಿ ಬುಟ್ಟಿ ಕೆಳಗ ಸಾಯಬಾರದು,” ಎಂದಿದ್ದಳು. ಒಬ್ಬಳ ಬುಟ್ಟಿಯನ್ನು ಇನ್ನೊಬ್ಬಳು ಹೊತ್ತು ಕುತ್ತಿಗೆ ಉಳುಕಿಸಿಕೊಂಡು ಬಂದರೆ ಇಬ್ಬರಿಗೂ ಬೈಗುಳ.

ಆದರೆ ಆಯಿ ಎಡಚಿ. ಮೀನಿಗೆ, ತರಕಾರಿಗೆ ಆ ಕೈ ನಡೆಯುತ್ತಿತ್ತು, ಶುಭಕಾರ್ಯಕ್ಕೆ ನಡೆಯುತ್ತಿರಲಿಲ್ಲ. ಅಕ್ಕನ ಮದುವೆಗೆ ಬಾಗಿನದ ಮೊರ ಬೇಕಾದಾಗ ಅಮ್ಮ ಸದ್ದಿಲ್ಲದೆ ದಾದರಿನಿಂದ ತರಿಸಿದರು. ಚಾಳಿನಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ಆಯಿ ನಾಲ್ಕು ದಿನ ಕೂತು, ಹಟ ಹಿಡಿದು ಬಲಗೈಯಲ್ಲೇ ಹೆಣೆದು ಒಂದು ಜೊತೆ ಮೊರ ತಂದಳು. ಬೆರಳ ತುಂಬ ಸೀಳಿದ ಗಾಯ. ಮೊರವೋ ಸೊಟ್ಟ, ನೆಲಕ್ಕಿಟ್ಟರೆ ಕುಂಟುತ್ತಿತ್ತು.

“ಬಲಗೈಲೇ ಮಾಡೀನಿ, ತಗೋರವ್ವಾ,” ಎಂದಳು.

ಅಮ್ಮ ನಗುತ್ತ ತೆಗೆದುಕೊಂಡು, ಅವಳು ಹೋದ ಮೇಲೆ ಅಟ್ಟಕ್ಕೆ ಹಾಕಿದರು. ಬಾಗಿನಕ್ಕೆ ಹೋದದ್ದು ದಾದರಿನ ಮೊರವೇ. ಮದುವೆಯ ದಿನ ಆಯಿ ದೂರದಿಂದ ಮೊರದ ಕಡೆ ನೋಡಿ ತಲೆ ತಗ್ಗಿಸಿದ್ದನ್ನು ನಾನು ಕಂಡೆ. ಅವಳ ಕೈ ಎಡವೋ ಬಲವೋ ಎಂದು ಅಷ್ಟೆಲ್ಲ ಲೆಕ್ಕ ಹಾಕಿದ ನಾವು ಹೆಸರೊಂದನ್ನು ಕೇಳಿರಲಿಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಮೀನಿನವರ ತಲೆಗೆ ಪ್ಲಾಸ್ಟಿಕ್ ಟಬ್ಬು ಬಂತು. ನಾವು ಚೆಂಬೂರಿಗೆ ಬಂದೆವು. ಆಮೇಲೆ ಚಾಳನ್ನು ಕೆಡವಿದರು. ಆಯಿ ಊರಿಗೆ ಹೋದಳೆಂದು ಯಾರೋ ಹೇಳಿದರು, ಇಲ್ಲೇ ತೀರಿಕೊಂಡಳೆಂದು ಇನ್ಯಾರೋ...

ಆ ಶನಿವಾರ, ಭಾನುವಾರ ನಾನು ಫೋನು ಕೆಳಗಿಡಲಿಲ್ಲ. ಅಕ್ಕನಿಗೆ ಗೊತ್ತಿಲ್ಲ. ಡೊಂಬಿವಲಿಗೆ ಹೋಗಿ ನೆಲೆಸಿದ ಹಳೇ ನೆರೆಯವರಿಗೂ ಗೊತ್ತಿಲ್ಲ. ನನ್ನ ಜೊತೆಗಿರುವ ಅಮ್ಮನನ್ನು ಕೇಳಿದರೆ, “ಹೆಸರಾ? ಬುಟ್ಟಿ ಆಯಿ ಅಲ್ವಾ ಮಾರಾಯ್ತಿ,” ಎಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, “ನಾವು ಕೇಳ್ಲೇ ಇಲ್ಲ ಅಲ್ದಾ,” ಎಂದು ತಮಗೆ ತಾವೇ ಹೇಳಿಕೊಂಡರು.

ಸೋಮವಾರ ಬೆಳಿಗ್ಗೆ ಮ್ಯೂಸಿಯಮ್ಮಿಗೆ ಬರಿಗೈಯಲ್ಲಿ ಹೋದೆ. ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ‘ಕಲಿಯುವವರು’ ಎಂಬುದನ್ನು ಹೊಡೆದುಹಾಕಿ ನಾನು ಹೇಳಿದ ಹಾಗೆ ಬರೆದುಕೊಂಡಳು: ‘ಬುಟ್ಟಿ ಆಯಿ, ಬೈಕುಲ್ಲಾ. ಹೊರುವವಳ ತಲೆಯ ಅಳತೆ ತೆಗೆದು ಎಡಗೈಯಲ್ಲಿ ಹೆಣೆದದ್ದು.’ ಆಮೇಲೆ ಪೆನ್ನು ಹಿಡಿದೇ ಕೇಳಿದಳು: “ಮಾಹಿತಿ ಕೊಟ್ಟವರು ಅಂತ ನಿಮ್ಮ ಹೆಸರು ಹಾಕ್ಬೇಕು, ಆಂಟಿ. ಸರ್‌ನೇಮ್ ಜೊತೆ ಹೇಳಿ.”

ಬೇಡ ಎಂದೆ. ಅವಳಿಗೆ ಕಾರಣ ಹೇಳಲಾಗಲಿಲ್ಲ. ನಾವು ಊರಿನಿಂದ ಬಂದು ಚಾಳಿನಲ್ಲಿ ಇಳಿದ ದಿನ, ಟ್ರಂಕಿನ ಮೇಲೆ ಕೂತು ಅಳುತ್ತಿದ್ದ ನನ್ನ ಬಳಿಗೆ ಬಂದು ಆಯಿ ಮೊದಲು ಕೇಳಿದ್ದೇ, “ಹೆಸರೇನು ನಿಂದು, ತಂಗಿ?” ಎಂದು. ತಿರುಗಿ ಅವಳ ಹೆಸರು ಕೇಳಲು ಅದೇ ಚಾಳಿನಲ್ಲಿ ನನಗೆ ಹನ್ನೆರಡು ವರ್ಷ ಸಮಯವಿತ್ತು. ಈಗ ಕೇಳಬೇಕೆಂದರೆ ಎದುರಿಗೆ ಬುಟ್ಟಿ ಮಾತ್ರ ಇದೆ.